‘ಹಳೇದೆಲ್ಲ ನೆನಪಿದೆ ಡಾಕ್ಟ್ರೇ!’

“ಅಪ್ಪನ ತಲೆಗೆ ಎಂತ ಆಗ್ಲಿಲ್ಲ ಡಾಕ್ಟ್ರೇ. ನಲವತ್ತು ವರ್ಷದ ಹಿಂದಿನ ಯಕ್ಷಗಾನ ಆಟದಲ್ಲಿ ಯಾರ ವೇಷ ಯಾವುದು ಅಂತ ಈಗಲೂ ಹೇಳ್ತಾರೆ.” ಲಕ್ವ, ಅಂದರೆ ಸ್ಟ್ರೋಕ್, ಹೊಡೆದವರನ್ನು ಕರೆತರುವ ಮನೆಯವರದ್ದು ಇದೇ ಮಾತು, ಮಂಗಳೂರಾದರೂ ಉಡುಪಿಯಾದರೂ. ಹೇಳುತ್ತಾರೆ, ಸುಳ್ಳಲ್ಲ. ಆದರೆ ಹಳೆಯ ನೆನಪು ಸಾಮಾನ್ಯವಾಗಿ ಉಳಿದೇ ಇರುತ್ತದೆ. ಸ್ಟ್ರೋಕಿನ ಪೆಟ್ಟು ಹೆಚ್ಚಾಗಿ ಬೀಳುವುದು ಗಮನಕ್ಕೆ, ಯೋಚನೆಯ ವೇಗಕ್ಕೆ, ಕೆಲಸವನ್ನು ಕ್ರಮವಾಗಿ ಜೋಡಿಸಿಕೊಳ್ಳುವ ಶಕ್ತಿಗೆ. ಆಟದ ಕಥೆ ಹೇಳಿದವರೇ ಚಾಕ್ಕೆ ನೀರಿಟ್ಟು, ಹುಡಿ ಹಾಕುವ ಮೊದಲೇ ಸೋಸಲು ಹೊರಡುತ್ತಾರೆ.

ಅದಕ್ಕೇ ಗಡಿಯಾರ ಬರೆಸುವುದು. ವೃತ್ತ, 12 ಅಂಕಿ, ಆಮೇಲೆ ಹನ್ನೊಂದು ಗಂಟೆ ಹತ್ತು ನಿಮಿಷ. ದೊಡ್ಡ ಮುಳ್ಳು 2ರತ್ತ ಹೋಗಬೇಕು. ‘ಹತ್ತು’ ಎಂದು ಕೇಳಿದ್ದೇ ತಡ, ಕೈ ನೇರ 10ಕ್ಕೆ ಹೋಗುತ್ತದೆ. ಗಡಿಯಾರ ಓದಲು ಗೊತ್ತಿದ್ದವರು ಹೀಗೆ ಮಾಡಿದರೆ ಅದು ಮರೆವಲ್ಲ. ಕಿವಿಗೆ ಬಿದ್ದದ್ದನ್ನು ತಡೆದು, ನಿಮಿಷದ ಲೆಕ್ಕಕ್ಕೆ ತಿರುಗಿಸಲು ಆಗಲಿಲ್ಲ ಅಷ್ಟೆ.

ಇದು ನೆನಪು, ಗಮನ, ಯೋಚನೆಯನ್ನು ಅಳೆಯಲು 2005ರಲ್ಲಿ ಬಂದ ಮೋಕಾ ಪರೀಕ್ಷೆಯ ಒಂದು ಭಾಗ. ಸುಮಾರು 10 ನಿಮಿಷ, ಒಟ್ಟು 30 ಅಂಕ. 26 ಅಥವಾ ಹೆಚ್ಚು ಬಂದರೆ ಸಹಜ. ಓದು 12 ವರ್ಷ ಅಥವಾ ಅದಕ್ಕಿಂತ ಕಡಿಮೆಯಾದರೆ ಒಂದು ಅಂಕ ಸೇರಿಸುತ್ತೇವೆ. ಶಾಲೆಯ ಮೆಟ್ಟಿಲೇ ಹತ್ತದವರಿಗೆ ಆ ಒಂದು ಅಂಕ ಯಾವ ಮೂಲೆಗೂ ಸಾಲದು, ಬೇರೆ ಹಾಳೆಯೇ ಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವರಿಗೆ ಪುಸ್ತಕದ ಕನ್ನಡದಲ್ಲಿ ಪದ ಕೊಟ್ಟರೂ ಅಂಕ ಇಳಿಯುತ್ತದೆ. 26ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮರೆಗುಳಿ ರೋಗ ಎಂದಲ್ಲ. ಖಿನ್ನತೆ, ಮೂತ್ರದ ಸೋಂಕು, ಸೋಡಿಯಂ ಇಳಿದಿರುವುದು, ನಿದ್ದೆಗೆಟ್ಟ ರಾತ್ರಿ, ಎಲ್ಲವೂ ಅಂಕ ತಿನ್ನುತ್ತವೆ. ಮಾತೇ ಹೋಗಿದ್ದರೆ ಈ ಹಾಳೆ ನ್ಯಾಯವಲ್ಲ. ಅಂಥವರನ್ನೂ ಲೆಕ್ಕಕ್ಕಿಟ್ಟು ಸ್ಟ್ರೋಕಿಗೆಂದೇ ರೂಪಿಸಿದ ಆಕ್ಸ್‌ಫರ್ಡ್ ಪರೀಕ್ಷೆ ಇದೆ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಇನ್ನೊಂದು ಚೋದ್ಯ. ಗಡಿಯಾರದ ಅಂಕಿಗಳೆಲ್ಲ ಬಲಕ್ಕೇ ಗುಂಪು ಕಟ್ಟುತ್ತವೆ. ಊಟಕ್ಕೆ ಕೂತರೆ ಎಲೆಯ ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೇ ಉಳಿದಿರುತ್ತದೆ. ಮನೆಯವರು ‘ಬಾಯಿ ರುಚಿ ಹೋಗಿದೆ’ ಅಂದುಕೊಳ್ಳುತ್ತಾರೆ. ಎಲೆಯನ್ನು ಸುಮ್ಮನೆ ತಿರುಗಿಸಿ ಇಡಿ, ಎಡಕ್ಕಿದ್ದದ್ದು ಬಲಕ್ಕೆ ಬರಲಿ. ಆಗ ತಿಂದರೆ ತೊಂದರೆ ನಾಲಗೆಯದ್ದಲ್ಲ, ಅವರ ಪಾಲಿಗೆ ಎಡಗಡೆಯೇ ಇರಲಿಲ್ಲ. ಇಂಥವರ ಕೈಗೆ ಸ್ಕೂಟರಿನ ಕೀ ಕೊಡಬೇಡಿ. ಎಡದಿಂದ ಬರುವ ಬಸ್ಸೂ ಅವರಿಗಿಲ್ಲ.

ಇನ್ನು ನೀವು, ಮನೆಯವರು. ಅದೇ ಪರೀಕ್ಷೆಯಲ್ಲಿ ನಾವು ಅವರಿಗೆ ಐದು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳುವಾಗ ನೀವು ಹಿಂದಿನಿಂದ ತುಟಿ ಆಡಿಸುವುದು ಪ್ರೀತಿಯೇ ಇರಬಹುದು ಮಾರಾಯ್ರೇ, ಪರೀಕ್ಷೆ ಮಾತ್ರ ಹಾಳು. ಮೊಬೈಲಿನಲ್ಲಿ ನೋಡಿ ವಾರವಿಡೀ ಗಡಿಯಾರ ಬರೆಸಿ ತರುವವರೂ ಇದ್ದಾರೆ. ಅಪ್ಪ ಪಾಸಾಗುತ್ತಾರೆ, ಗ್ಯಾಸ್ ಮಾತ್ರ ಉರಿಯುತ್ತಲೇ ಇರುತ್ತದೆ.

ಮೊದಲ ದಿನಗಳ ಗೊಂದಲದಲ್ಲಿ ಬಂದ ಅಂಕ ಕೊನೆಯದ್ದಲ್ಲ. ಮೂರು ತಿಂಗಳ ಹೊತ್ತಿಗೆ ಇನ್ನೊಮ್ಮೆ ನೋಡಬೇಕು. ಬೆಳಗ್ಗೆ ಬನ್ನಿ. ಕನ್ನಡಕ, ಕಿವಿಯ ಮೆಷಿನ್, ಮಾತ್ರೆಗಳ ಪಟ್ಟಿ ಇರಲಿ. ಜತೆಗೆ ಒಂದು ಚೀಟಿ: ಚಿಲ್ಲರೆ ಎಣಿಸುವುದು, ಮಾತ್ರೆ ತಾವೇ ತೆಗೆದುಕೊಳ್ಳುವುದು, ಫೋನ್ ಹಚ್ಚುವುದು, ಇವುಗಳಲ್ಲಿ ಯಾವುದು ಮೊದಲಿನ ಹಾಗಿಲ್ಲ? ಅದನ್ನು ಅವರ ಎದುರು ಓದಬೇಡಿ, ಮಡಚಿ ಕೊಡಿ.