ಗಿರ್ಲಿಗೆ ಬೇಕಾದ ಮರೆ

ಬಲೆ ಬಿಡಿಸುವವರ ತಾಳ್ಮೆ ಕೆಡಿಸುವ ಮೀನು ಗಿರ್ಲು. ಗೇಣುದ್ದವೂ ಇರದ ಇದು ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಎಳೆದಷ್ಟೂ ಬಿಗಿಯುತ್ತದೆ. ಬೆನ್ನ ಮೇಲೊಂದು, ಎದೆಯ ಎರಡು ಮಗ್ಗುಲಿಗೆ ಒಂದೊಂದು, ಒಟ್ಟು ಮೂರು ಗಟ್ಟಿ ಮುಳ್ಳು. ಎದೆಮುಳ್ಳಿನ ಒಳ ಅಂಚಿಗೆ ಗರಗಸದಂಥ ಹಲ್ಲು. ದಾರ ಸಿಗುವುದು ಅಲ್ಲೇ. ಹೆದರಿದ ಮೀನು ಮುಳ್ಳನ್ನು ಅಗಲಿಸಿ ತುಸು ತಿರುಗಿಸಿತೆಂದರೆ ಅದರ ಬುಡ ಎಲುಬಿನ ಗುಳಿಯಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಸ್ನಾಯುವಿನ ಬಲವೇ ಬೇಡ, ಸತ್ತ ಮೀನಿನ ಮುಳ್ಳೂ ಸೆಟೆದೇ ಇರುತ್ತದೆ. ಕೈಯಲ್ಲಿ ಹಿಡಿದಾಗ ಕೇಳುವ ಕಿರ್ ಕಿರ್ ಸದ್ದು ಗಂಟಲಿನದಲ್ಲ, ಅದೇ ಬುಡ ಗುಳಿಗೆ ಉಜ್ಜಿ ಹುಟ್ಟುವ ಸದ್ದು.

ಮೈಮೇಲೆ ಹುರುಪೆಯಿಲ್ಲ. ಉದ್ದಕ್ಕೂ ಮಸುಕು ಪಟ್ಟೆಗಳು, ಕಿವಿರಿನ ಹಿಂದೆ ಒಂದು ಕಪ್ಪು ಮಚ್ಚೆ. ಬರ್ಲಿನ್ನಿನ ವೈದ್ಯ ಮಾರ್ಕಸ್ ಬ್ಲಾಕ್ 1794ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಅವನಿಗೆ ಸಿಕ್ಕಿದ್ದು ತಮಿಳುನಾಡಿನ ತರಂಗಂಬಾಡಿಯ ಮೀನು. ಈಗಿನ ಹೆಸರು ಮಿಸ್ಟಸ್ ವಿಟ್ಟೇಟಸ್.

ಹಗಲು ಇದು ಕಣ್ಣಿಗೆ ಬೀಳುವುದು ಅಪರೂಪ. ಜೊಂಡಿನ ಬುಡ, ಬೇರಿನ ಸಿಕ್ಕು, ಕಲ್ಲಿನ ಸಂದಿ, ಎಲ್ಲಿ ಮರೆಯಿದೆಯೋ ಅಲ್ಲಿ ಬಿದ್ದಿರುತ್ತದೆ. ಹೊತ್ತು ಮುಳುಗಿದ ಮೇಲೆ ತಳದ ಕೆಸರಿಗೆ ಇಳಿಯುತ್ತದೆ. ಕತ್ತಲಲ್ಲಿ ದಾರಿ ತೋರುವುದು ಕಣ್ಣಿಗಿಂತ ಹೆಚ್ಚಾಗಿ ನಾಲ್ಕು ಜೊತೆ ಮೀಸೆ. ಮೀಸೆಯ ಮೇಲೆಲ್ಲ ರುಚಿಮೊಗ್ಗುಗಳಿವೆ. ನಮ್ಮ ನಾಲಿಗೆಯ ಮೇಲಿರುವಂಥವೇ. ಗಿರ್ಲು ಸೇರಿದ ಕ್ಯಾಟ್‌ಫಿಶ್ ಬಳಗದ ಮೀನುಗಳಲ್ಲಿ ಅವು ಮೈಯ ಚರ್ಮದ ಮೇಲೂ ಹರಡಿರುತ್ತವೆ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್‌ನ ಮೈಮೇಲೆ ಒಂದು ಲಕ್ಷಕ್ಕೂ ಹೆಚ್ಚಿವೆ. ಕೆಸರಿನಲ್ಲಿ ಅಡಗಿದ ಹುಳದ ಮರಿಯನ್ನು ಗಿರ್ಲು ಬಾಯಿಗೆ ಹಾಕುವ ಮೊದಲೇ ಸವಿದಿರುತ್ತದೆ ಅನ್ನಿ.

ಹೊಳೆಯ ದೊಡ್ಡ ಮೀನು ಮಹಶೀರ್‌ನಂತೆ ಇದಕ್ಕೆ ತಿಳಿಯಾದ, ರಭಸದ ನೀರೇ ಆಗಬೇಕೆಂಬ ಹಟವಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಹೊಳೆ ನಿಂತ ನೀರಾದಾಗ, ಕಾಲುವೆ ಹರಿದು ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಗಳು ಎದ್ದಾಗ, ಇಂಥ ಮೀನಿಗೆ ಹಿಡಿಸುವ ಜಾಗ ಹೆಚ್ಚಾಯಿತೆಂದೇ ನನ್ನ ಲೆಕ್ಕ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದದ್ದು ರೈತರಿಗೆ ದೊಡ್ಡ ನಷ್ಟ. ಆದರೆ ಹೂಳಿನಲ್ಲೇ ಹುಳುಗಳು ಬೆಳೆಯುವುದು, ಗಿರ್ಲಿಗೆ ಊಟ ಅಲ್ಲೇ.

ಕೊರತೆ ಬೀಳುವುದು ಮರೆಗೆ. ನೀರು ಸೋರದಿರಲೆಂದು ಕಾಲುವೆಗೆ ಕಾಂಕ್ರೀಟ್ ಹಾಕುತ್ತೇವೆ. ಕೊನೇ ಭಾಗದ ರೈತನಿಗೆ ಅದು ಬೇಕೇ ಬೇಕು, ತಕರಾರಿಲ್ಲ. ಆದರೆ ನುಣುಪು ಗೋಡೆಯಲ್ಲಿ ಜೊಂಡೂ ಇಲ್ಲ, ಬೇರೂ ಇಲ್ಲ. ಹಗಲಿಡೀ ಬಯಲಲ್ಲಿರುವ ಮೀನಿಗೆ ಕೊಕ್ಕರೆಯ ಎದುರು ಉಳಿಯುವುದು ಆ ಮೂರು ಮುಳ್ಳು ಮಾತ್ರ. ಗದ್ದೆಗೆ ಹೊಡೆಯುವ ಕೀಟನಾಶಕ ನೀರಿಗಿಳಿದರೆ ಅದರ ಆಹಾರವೂ ಹೋಯಿತು.

ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಬಳ್ಳಾರಿ ಜಿಲ್ಲೆಯ ಕಂಪ್ಲಿವರೆಗೆ ಹೊಳೆಯ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಗಿರ್ಲಿನ ಹೆಸರು ಅದರಲ್ಲಿಲ್ಲ. ನೀರುನಾಯಿ ಮೀನನ್ನೇ ತಿಂದು ಬದುಕುವ ಪ್ರಾಣಿ ಬೇರೆ. ಆದರೂ ಅದಕ್ಕೆ ಬಿಲ ಬೇಕು, ದಡದ ಪೊದೆ ಬೇಕು, ಬಂಡೆ ಬೇಕು. ಅದಕ್ಕೆಂದು ಉಳಿಸಿದ ದಡದಲ್ಲಿ ಗಿರ್ಲಿಗೂ ಜಾಗ ಸಿಕ್ಕೀತು.