ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಇಳಿದುಬಿಟ್ಟೆ

ಹೊಸ ಕೆಲಸಕ್ಕೆ ಸೇರಿ ಒಂಬತ್ತನೇ ದಿನ ಇರ್ಬೇಕು. ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಪರ್ಪಲ್ ಲೈನ್ ಹಿಡಿದು ವೈಟ್‌ಫೀಲ್ಡ್ ಕಡೆ ಹೋಗ್ಬೇಕಿತ್ತು, ಫೋನ್ ನೋಡ್ತಾ ನಿಂತಿದ್ದವನು ಪೀಣ್ಯ ಇಂಡಸ್ಟ್ರಿ ಬಂದ ತಕ್ಷಣ ಆರಾಮಾಗಿ ಇಳಿದು, ಅರ್ಧ ಮೆಟ್ಟಿಲು ಇಳಿದ ಮೇಲೆ ನೆನಪಾಯ್ತು, ಅಯ್ಯೋ ನಾನೀಗ ಇಲ್ಲಿ ಕೆಲಸ ಮಾಡ್ತಿಲ್ವಲ್ಲ ಅಂತ. ಹದಿನಾಲ್ಕು ವರ್ಷ ಅಲ್ಲೊಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೆ. ಈಗ ಸಾಫ್ಟ್‌ವೇರ್ ಟೆಸ್ಟಿಂಗ್.

ನಗು ಬಂತು, ಆಮೇಲೆ ಪ್ಲಾಟ್‌ಫಾರ್ಮ್ ಮೇಲೆ ಕೂತು ಎರಡು ಟ್ರೇನ್ ಬಿಟ್ಟುಬಿಟ್ಟೆ. ಯಾಕೋ ಎದ್ದೇಳೋಕೆ ಆಗ್ಲಿಲ್ಲ.

ಕಾಲು ತಾನಾಗೇ ಇಳಿದಿದ್ದಕ್ಕೆ ಕಾರಣ ಸುಲಭ. ಒಂದೇ ಕೆಲಸನ ಒಂದೇ ಜಾಗದಲ್ಲಿ ಸಾವಿರಾರು ಸಲ ಮಾಡಿದ್ರೆ ಮಿದುಳು ಅದನ್ನ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಒಳಗಿನ ಭಾಗಕ್ಕೆ ಒಪ್ಪಿಸಿಬಿಡುತ್ತೆ, ಆಮೇಲೆ ನಾವು ಯೋಚನೆ ಮಾಡೋದೇ ಬೇಡ, ಸೂಚನೆ ಸಿಕ್ಕಿದ್ರೆ ಸಾಕು. ಆದ್ರೆ ಆ ಸಂಕಟ? ಅದಕ್ಕೆ ಬೇರೆ ಲೆಕ್ಕ ಇದೆ.

ಜಾಗ ಅನ್ನೋದು ತಲೆಯೊಳಗೆ ನಿಜವಾಗ್ಲೂ ಬರೆದಿರುತ್ತೆ. 1971ರಲ್ಲಿ ಲಂಡನ್‌ನಲ್ಲಿ ಜಾನ್ ಓಕೀಫ್ ಅನ್ನೋ ವಿಜ್ಞಾನಿ ಇಲಿಗಳ ಮಿದುಳಿನ ಹಿಪ್ಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ಕೆಲವು ನರಕೋಶ ಕಂಡುಹಿಡಿದ್ರು, ಇಲಿ ಒಂದು ನಿರ್ದಿಷ್ಟ ಮೂಲೆಗೆ ಹೋದಾಗ ಮಾತ್ರ ಮಿಡಿಯೋವು, ಇದಕ್ಕೇ 2014ರಲ್ಲಿ ನೊಬೆಲ್ ಕೂಡ ಬಂತು. ಅದೇ ಹಿಪ್ಪೊಕ್ಯಾಂಪಸ್ ನಮ್ಮ ಬದುಕಿನ ನೆನಪುಗಳನ್ನೂ ಜೋಡಿಸೋದು, ಹಾಗಾಗಿ ಜಾಗ ಬೇರೆ ನೆನಪು ಬೇರೆ ಅಂತ ಬಿಡಿಸೋಕಾಗಲ್ಲ. ವಾಸನೆ ವಿಷ್ಯವಂತೂ ಇನ್ನೂ ಜೋರು. ಬೇರೆ ಇಂದ್ರಿಯಗಳ ಸುದ್ದಿ ಮೊದಲು ಮಿದುಳಿನ ಥಲಾಮಸ್ ಅನ್ನೋ ನಡುವಿನ ಠಾಣೆ ದಾಟ್ಕೊಂಡು ಮುಂದೆ ಹೋಗುತ್ತೆ, ವಾಸನೆ ಮಾತ್ರ ಸೀದಾ ಭಾವನೆ ನೆನಪುಗಳ ಮನೆಗೇ ನುಗ್ಗುತ್ತೆ. ಮೊನ್ನೆ ಬಸ್‌ನಲ್ಲಿ ಪಕ್ಕದವನ ಶರ್ಟಿಂದ ಲೇತ್ ಮಷಿನ್ ಕೂಲೆಂಟ್ ವಾಸನೆ ಬಂತು ನೋಡಿ, ಆ ಹುಳಿಹುಳಿ ಎಣ್ಣೆ ವಾಸನೆ, ಹದಿನಾಲ್ಕು ವರ್ಷ ಬೈಕೊಂಡಿದ್ದೆ ಅದನ್ನ, ಕಣ್ಣಲ್ಲಿ ನೀರೇ ಬಂದ್‌ಬಿಡ್ತು.

"ಬರೀ ಕೆಲ್ಸ ಕಣೋ, ಸಂಬಳ ಜಾಸ್ತಿ ಎಲ್ಲೋ ಅಲ್ಲಿಗೆ ಹೋಗ್ಬೇಕಪ್ಪ" ಅಂತಾರಲ್ಲ, ಅವ್ರಿಗೆ ಮಾರಿಯೆಂತಾಲ್ ಕಥೆ ಹೇಳ್ಬೇಕು. ಆಸ್ಟ್ರಿಯಾದ ವಿಯೆನ್ನಾ ಹತ್ರದ ಊರು, ಇಡೀ ಊರಿಗೆ ಒಂದೇ ಬಟ್ಟೆ ಕಾರ್ಖಾನೆ, ಮಹಾ ಆರ್ಥಿಕ ಕುಸಿತದಲ್ಲಿ ಅದೂ ಮುಚ್ಚೋಯ್ತು. ಮರೀ ಯಹೋಡಾ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಅವರ ಜೊತೆಗಾರರು ಅಲ್ಲಿ ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದ್ರು. ಟೈಮ್ ಬೇಕಾದಷ್ಟಿದೆ, ಜನ ಓದ್ತಾರೆ ಅಂದ್ಕೊಂಡ್ರೆ ಲೈಬ್ರರಿಯಿಂದ ಪುಸ್ತಕ ತಗೊಳೋದೇ ಕಮ್ಮಿ ಆಗಿತ್ತು. ಬೀದಿಯಲ್ಲಿ ಹೋಗೋ ಜನರ ನಡಿಗೆ ಅಳೆದ್ರು, ಗಂಡಸರು ನಿಧಾನಕ್ಕೆ, ನಿಂತು ನಿಂತು ನಡೀತಿದ್ರು, ಮನೆಗೆಲಸ ತಪ್ಪದ ಹೆಂಗಸರು ಬೇಗಬೇಗ. ಗಂಡಸರಲ್ಲಿ ಬಹುಪಾಲು ಜನ ವಾಚ್ ಇಟ್ಕೊಳೋದೇ ಬಿಟ್ಟಿದ್ರು.

ಆಮೇಲೆ ಯಹೋಡಾ ಹೇಳಿದ್ದು ಇಷ್ಟು: ಕೆಲಸ ಸಂಬಳದ ಜೊತೆ ಸದ್ದಿಲ್ಲದೆ ಬೇರೆ ಏನೇನೋ ಕೊಡ್ತಿರುತ್ತೆ, ದಿನಕ್ಕೊಂದು ಕ್ರಮ, ಮನೆಯಾಚೆಗಿನ ಜನ, ಹತ್ತು ಜನ ಸೇರಿ ಮಾಡೋ ಒಂದು ಉದ್ದೇಶ, ನಾನಿಂಥವನು ಅನ್ನೋ ಗುರುತು, ಸುಮ್ನೆ ಕೂರದ ಹಾಗೆ ಒಂದು ಚಟುವಟಿಕೆ. ನನಗೆ ಸಂಬಳ ನಿಲ್ಲಲಿಲ್ಲ ನಿಜ, ಉಳಿದದ್ದೆಲ್ಲ ಒಂದೇ ಶುಕ್ರವಾರ ಕೈಬಿಟ್ಟೋಯ್ತು.

ವಾಚ್ ವಿಷ್ಯ ಓದಿದಾಗ ನಮ್ಮ ದೊಡ್ಡಪ್ಪ ನೆನಪಾದ್ರು. ಜಾಲಹಳ್ಳಿ ಎಚ್‌ಎಂಟಿಯಲ್ಲಿದ್ದವರು. ಅಲ್ಲಿ ವಾಚ್ ಫ್ಯಾಕ್ಟರಿ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ, ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ದೊಡ್ಡಪ್ಪ ಅಷ್ಟೊತ್ತಿಗೆ ರಿಟೈರ್ ಆಗಿದ್ರು, ಆದ್ರೂ ಇವತ್ತಿಗೂ ಬೆಳಿಗ್ಗೆ ಆರೂವರೆಗೆ ಕಿಟಕಿ ಹತ್ರ ನಿಂತು ತಮ್ಮ ಎಚ್‌ಎಂಟಿ ಜನತಾ ವಾಚಿಗೆ ಕೀ ಕೊಡ್ತಾರೆ, ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಬಿಗಿ ಆಗೋ ಜಾಗ ಬಂದ ತಕ್ಷಣ ನಿಲ್ಲಿಸಿ, ಕಿವಿಗೆ ಹಿಡಿದು. ಎಲ್ಲಿಗೂ ಹೋಗೋದಿಲ್ಲ ಅವ್ರು.

ಇದನ್ನ ಹುಚ್ಚು ಅನ್ಬೇಡಿ. ದುಃಖದ ಬಗ್ಗೆ ಸ್ಟ್ರೋಬೆ ಮತ್ತೆ ಶುಟ್ ಅನ್ನೋ ಸಂಶೋಧಕರು 1999ರಲ್ಲಿ ಒಂದು ಮಾದರಿ ಕೊಟ್ರು, ಅದು ಇದ್ದಿದ್ದು ಗಂಡನನ್ನೋ ಹೆಂಡತಿಯನ್ನೋ ಕಳ್ಕೊಂಡವರ ವಿಷ್ಯದಲ್ಲಿ, ಆದ್ರೆ ನನಗೆ ಇಲ್ಲೂ ಸರಿಹೊಂದುತ್ತೆ ಅನ್ಸುತ್ತೆ. ಮನಸ್ಸು ಕಳ್ಕೊಂಡಿದ್ದರ ಕಡೆಗೊಮ್ಮೆ, ಹೊಸ ಬದುಕಿನ ಕಡೆಗೊಮ್ಮೆ ತೂಗಾಡ್ತಾ ಇರುತ್ತೆ, ಆ ತೂಗಾಟವೇ ಚೇತರಿಕೆಯ ದಾರಿ ಅಂತ. "ಮುಂದಕ್ಕೆ ನೋಡು" ಅಂತ ಎಲ್ರೂ ಹೇಳೋದು ಅರ್ಧ ಔಷಧಿ. ಬರೆಯೋದೂ ಸಹಾಯ ಮಾಡುತ್ತೆ. ಮನಶ್ಶಾಸ್ತ್ರಜ್ಞ ಪೆನ್ನಬೇಕರ್ ತಂಡ ಕೆಲಸ ಕಳ್ಕೊಂಡ ಎಂಜಿನಿಯರ್‌ಗಳ ಕೈಲಿ ಕೆಲವು ದಿನ ಮನಸ್ಸಲ್ಲಿರೋದನ್ನ ಬರೆಸಿದಾಗ, ಹಾಗೆ ಬರೆದವರಿಗೆ ಹೊಸ ಕೆಲಸ ಬೇಗ ಸಿಕ್ಕಿತ್ತು, 1994ರ ಅಧ್ಯಯನ ಅದು.

ಹಳೇ ಕೈಚಳಕ ಪೂರ್ತಿ ವ್ಯರ್ಥ ಏನೂ ಆಗಿಲ್ಲ. ವರ್ನಿಯರ್ ಅನ್ನೋ ಅಳತೆ ಸಾಧನ ಹಿಡಿದ ತಕ್ಷಣ ಮೊದಲು ಅದರ ದವಡೆ ಮುಚ್ಚಿ ಝೀರೋ ಎರರ್, ಅಂದ್ರೆ ಸೊನ್ನೆ ಸರಿಯಾಗಿ ತೋರಿಸ್ತಿದೆಯಾ ಅಂತ ನೋಡ್ತಿದ್ದೆ, ಈಗ ಸ್ಕ್ರೀನ್ ಮೇಲೆ ಪ್ರತಿ ಖಾನೆಗೂ ಮೊದಲು ಸೊನ್ನೆ ಹಾಕ್ತೀನಿ, ಎರಡನೇ ವಾರದಲ್ಲೇ ಸೊನ್ನೆ ಐಟಂಗೆ ಬಿಲ್ ಬಂದಿದ್ದು ಸಿಕ್ಕಿಬಿತ್ತು. ಆದ್ರೆ ಟೀ ವಿಷ್ಯ ಮಾತ್ರ ಒಗ್ತಿರ್ಲಿಲ್ಲ. ಅಲ್ಲಿ 10.10ಕ್ಕೆ ಸೈರನ್, ಕೈ ಒರೆಸ್ಕೊಂಡು ಎಲ್ರೂ ಗೇಟ್ ಹತ್ರ. ಇಲ್ಲಿ ಮಷಿನ್ ಇದೆ, ಯಾವಾಗ ಬೇಕಾದ್ರೂ ಕುಡೀಬೋದು, ಹಾಗಾಗಿ ಯಾರೂ ಒಟ್ಟಿಗೆ ಕುಡಿಯಲ್ಲ. ನಾನು ಸುಮ್ನೆ 10.10ಕ್ಕೆ ಎದ್ದು ಹೋಗ್ತಾ ಇದ್ದೆ, ಒಬ್ನೇ. ಹೋದ ವಾರದಿಂದ ಸಪೋರ್ಟ್ ಟೀಮ್ ಹುಡುಗ ಒಬ್ಬ, "ಸಾರ್, ಟೈಮಾಯ್ತು" ಅಂತ ಬಂದು ನಿಲ್ತಾನೆ.