ಕೂದಲೆಳೆಯಷ್ಟು ಸರಿದರೆ ಸಾಕು: ಫೋಕಸ್ ರಿಂಗ್ ನಡೆದುಬಂದ ದಾರಿ

ಮಾವ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಹಳೆಯ 50 ಎಂ.ಎಂ. ಲೆನ್ಸ್ ಸಿಕ್ಕಿತು. ಸಾಗರದ ಮನೆ, ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು. ಗಾಜಿನೊಳಗೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬಿತ್ತು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಫೋಕಸ್ ರಿಂಗ್ ನೋಡಿ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರೂ ಅಲುಗಲಿಲ್ಲ. ಒಳಗಿನ ಗ್ರೀಸ್ ಒಣಗಿ ಮೇಣದಂತಾಗಿತ್ತು. ಬಿಚ್ಚಿ ನೋಡೋಣ ಅಂತ ಕೂತೆ. ಮೂರು ಭಾನುವಾರ ಹಿಡಿಯಿತು. ಕ್ಯಾಮೆರಾದಲ್ಲಿ ಎಲ್ಲರೂ ಗಾಜಿನ ಬಗ್ಗೆ ಮಾತಾಡುತ್ತಾರೆ. ಆ ಗಾಜನ್ನು ಸರಿಸುವ ಕೆಲಸ ಎಷ್ಟು ಕಷ್ಟದ್ದು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಫೋಕಸ್ ಮಾಡುವುದು ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ದೂರವನ್ನು ಬದಲಿಸುವುದು. ದೂರದ ಬೆಟ್ಟಕ್ಕೆ ಲೆನ್ಸ್ ಒಳಗಿರಬೇಕು. ಹತ್ತಿರದ ಮುಖಕ್ಕೆ ಮುಂದೆ ಬರಬೇಕು. ಎಷ್ಟು ಮುಂದೆ ಅನ್ನುವುದು ಲೆನ್ಸಿನ ಫೋಕಲ್ ಲೆಂಗ್ತ್ ಮೇಲೆ, ಅಂದರೆ ಲೆನ್ಸಿನ ಹೆಸರಿನ ಜೊತೆ ಬರುವ 50 ಎಂ.ಎಂ., 300 ಎಂ.ಎಂ. ಎಂಬ ಅಳತೆಯ ಮೇಲೆ ನಿಂತಿದೆ. ದೂರದಿಂದ 1 ಮೀಟರ್‌ಗೆ ಫೋಕಸ್ ತರಲು 300 ಎಂ.ಎಂ.ನ ದೊಡ್ಡ ಲೆನ್ಸ್ ಹೆಚ್ಚುಕಮ್ಮಿ 13 ಸೆಂಟಿಮೀಟರ್ ಮುಂದೆ ಬರಬೇಕು. 50 ಎಂ.ಎಂ. ಲೆನ್ಸಿಗೆ 2.6 ಮಿಲಿಮೀಟರ್ ಸಾಕು. ಫೋನಿನಲ್ಲಿರುವಂಥ 6 ಎಂ.ಎಂ. ಲೆನ್ಸಿಗೆ? 0.036 ಮಿಲಿಮೀಟರ್, ತಲೆಕೂದಲಿನ ದಪ್ಪದ ಅರ್ಧದಷ್ಟು. ಲೆನ್ಸ್ ಚಿಕ್ಕದಾದಷ್ಟೂ ಸರಿಸಬೇಕಾದ ದೂರ ಕಮ್ಮಿ. ಆದರೆ ಅಷ್ಟೇ ನಿಖರವಾಗಿ ಸರಿಸಬೇಕು, ಓರೆಯಾಗಬಾರದು, ಸರಿಸಿದಲ್ಲೇ ನಿಲ್ಲಬೇಕು. ಇಡೀ ಕಥೆ ಇರುವುದು ಇಲ್ಲೇ.

1839ರಲ್ಲಿ ಪ್ಯಾರಿಸ್‌ನಲ್ಲಿ ಮಾರಾಟಕ್ಕೆ ಬಂದ ಡಾಗೇರ್ ಕ್ಯಾಮೆರಾ ಒಂದರೊಳಗೊಂದು ಜಾರುವ ಎರಡು ಮರದ ಪೆಟ್ಟಿಗೆ, ಅಷ್ಟೇ. ಎಳೆದರೆ ಫೋಕಸ್ ಬದಲಾಗುತ್ತಿತ್ತು. 1840ರಲ್ಲಿ ಪೆಟ್ಸ್‌ವಾಲ್ ಎಂಬ ಗಣಿತಜ್ಞರು ಮುಖದ ಫೋಟೊ ತೆಗೆಯಲೆಂದೇ ಪೋರ್ಟ್ರೇಟ್ ಲೆನ್ಸ್ ರೂಪಿಸಿದರು. ಅಂಥ ಲೆನ್ಸುಗಳ ಹಿತ್ತಾಳೆ ಕೊಳವೆಯ ಮೇಲೆ ಹಲ್ಲಿನ ಪಟ್ಟಿ ಇರುತ್ತಿತ್ತು. ಪಕ್ಕದ ಗುಂಡಿ ತಿರುಗಿಸಿದರೆ ಪುಟ್ಟ ಹಲ್ಲುಚಕ್ರವೊಂದು ಕೊಳವೆಯನ್ನು ಹಿಂದೆ ಮುಂದೆ ತಳ್ಳುತ್ತಿತ್ತು. ಆಮೇಲೆ ಬಂದಿದ್ದು ತಿದಿ. ಹಾರ್ಮೋನಿಯಂನಲ್ಲಿ ಇರುತ್ತಲ್ವಾ, ಅದೇ ಥರ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ತಿದಿ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ ಹುಟ್ಟಿದ ವಾಗೀಶ್ವರಿ ಎಂಬ ಮರದ ಕ್ಯಾಮೆರಾ ಇಂಥದ್ದೇ. ಅದನ್ನು ಮಾಡಿದ ಕೆ. ಕರುಣಾಕರನ್ ಅವರದು ಸಂಗೀತ ವಾದ್ಯಗಳನ್ನು ರಿಪೇರಿ ಮಾಡುವ ಮನೆತನ. ತಿದಿ ಹೊಲಿಯುವ ಕೈಗೆ ಕ್ಯಾಮೆರಾವೂ ಒಲಿಯಿತು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಫೋಕಸ್ಸೇ ಬೇಡ ಅನ್ನುವ ದಾರಿಯೂ ಇತ್ತು. 1888ರ ಕೊಡಾಕ್ ಮತ್ತು 1900ರಲ್ಲಿ ಒಂದು ಡಾಲರ್‌ಗೆ ಮಾರಿದ ಬ್ರೌನಿಯಲ್ಲಿ ಲೆನ್ಸ್ ಒಂದೇ ಕಡೆ ಕೂತಿರುತ್ತಿತ್ತು. ಲೆನ್ಸಿನ ಬಾಯಿ ಚಿಕ್ಕದಿಟ್ಟರೆ ಸ್ವಲ್ಪ ದೂರದಿಂದಾಚೆಗೆ ಎಲ್ಲವೂ ಸುಮಾರಾಗಿ ಸ್ಪಷ್ಟ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ III ಇದೇ ಜಾತಿಯದು. ಬರೋಡಾದಲ್ಲಿ ತಯಾರಾಗುತ್ತಿತ್ತು, ಒಂದು ರೋಲಿಗೆ ಹನ್ನೆರಡು ಫೋಟೊ. ಹಳೆಯ ಆಲ್ಬಮ್‌ಗಳಲ್ಲಿ ಮದುಮಗಳು ಅಷ್ಟು ದೂರ ನಿಂತಿರುವುದಕ್ಕೆ ಒಂದು ಕಾರಣ ಇದು. ಹತ್ತಿರ ಬಂದರೆ ಮುಖ ಮಸುಕಾಗುತ್ತಿತ್ತು.

ನಿಜವಾದ ತಿರುವು ಬಂದಿದ್ದು ಜರ್ಮನಿಯ ವೆಟ್ಸ್‌ಲಾರ್ ಊರಲ್ಲಿ. ಅಲ್ಲಿನ ಲೈಟ್ಸ್ ಕಂಪನಿಯದು ಮೈಕ್ರೋಸ್ಕೋಪ್ ವ್ಯಾಪಾರ. ಅಲ್ಲಿದ್ದ ಆಸ್ಕರ್ ಬಾರ್ನಾಕ್ ಅವರಿಗೆ ಉಬ್ಬಸ. ಭಾರದ ಕ್ಯಾಮೆರಾ ಹೊತ್ತು ಬೆಟ್ಟ ಹತ್ತುವುದು ಆಗದ ಮಾತು. ಸಿನಿಮಾ ಫಿಲ್ಮ್ ಬಳಸಿ ಜೇಬಿಗೆ ಹಿಡಿಯುವ ಕ್ಯಾಮೆರಾವನ್ನು 1914ರ ಹೊತ್ತಿಗೇ ಮಾಡಿದ್ದರು. 1925ರಲ್ಲಿ ಅದು ಲೈಕಾ ಹೆಸರಿನಲ್ಲಿ ಲೈಪ್ಜಿಗ್ ಮೇಳಕ್ಕೆ ಬಂತು. ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಎಂ.ಎಂ. ಲೆನ್ಸ್ ಅದರಲ್ಲಿತ್ತು. ಇಷ್ಟು ಚಿಕ್ಕ ಲೆನ್ಸಿಗೆ ತಿದಿ ಯಾಕೆ? ಅವರು ತಿರುಪನ್ನು ಬಳಸಿದರು. ಕೊಳವೆಯ ಸುತ್ತ ಥ್ರೆಡ್. ತಿರುಗಿಸಿದರೆ ಲೆನ್ಸ್ ಮುಂದೆ ಬರುತ್ತದೆ. ಇದಕ್ಕೆ ಹೆಲಿಕಾಯ್ಡ್ ಅಂತ ಹೆಸರು.

ಆದರೆ ನಿಖರತೆಯ ತಲೆನೋವು ಮುಗಿಯಲಿಲ್ಲ. 1930ರಲ್ಲಿ ಲೆನ್ಸ್ ಬದಲಿಸಬಹುದಾದ ಲೈಕಾ ಬಂತು. ಶುರುವಿನಲ್ಲಿ ಪ್ರತಿ ಲೆನ್ಸನ್ನೂ ಆಯಾ ಕ್ಯಾಮೆರಾಕ್ಕೇ ಹೊಂದಿಸಿ ಕೊಡಬೇಕಿತ್ತು. ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಕ್ಕೆ ಹಾಕಿದರೆ ಫೋಕಸ್ ತಪ್ಪುತ್ತಿತ್ತು. ಮರುವರ್ಷ ಲೆನ್ಸ್ ಕೂರುವ ಬಾಯಿಂದ ಫಿಲ್ಮಿಗೆ 28.8 ಮಿಲಿಮೀಟರ್ ಅಂತ ನಿಗದಿ ಮಾಡಿದರು. ಹಾಗೆ ಹೊಂದಿಸಿದ ಕ್ಯಾಮೆರಾಗಳ ಬಾಯಿಯ ಮೇಲೆ ಪುಟ್ಟದೊಂದು ಸೊನ್ನೆ ಕೆತ್ತಿರುತ್ತಿದ್ದರು. 1932ರ ಲೈಕಾ IIರಲ್ಲಿ ಲೆನ್ಸಿನ ಹಿಂಬದಿಯ ಬಳೆ ಕ್ಯಾಮೆರಾದೊಳಗಿನ ಪುಟ್ಟ ತೋಳನ್ನು ತಳ್ಳುತ್ತಿತ್ತು. ಆ ತೋಳು ದೂರ ಅಳೆಯುವ ಕಿಂಡಿಯಾದ ರೇಂಜ್‌ಫೈಂಡರ್‌ನ ಎರಡು ಬಿಂಬಗಳನ್ನು ಒಂದಾಗಿಸುತ್ತಿತ್ತು. ಬಿಂಬ ಒಂದಾಯಿತು ಅಂದರೆ ಫೋಕಸ್ ಆಯಿತು. ಕಣ್ಣು, ಬೆರಳು, ಗಾಜು ಮೂರನ್ನೂ ಲೋಹದಿಂದ ಕಟ್ಟಿಹಾಕಿದ್ದರು. ಬ್ಯಾಟರಿ ಇಲ್ಲ, ತಂತಿ ಇಲ್ಲ.

ಕಡಿಮೆ ಬೆಲೆಯ ಮಡಚುವ ಕ್ಯಾಮೆರಾಗಳು ಮುಂದಿನ ಗಾಜೊಂದನ್ನೇ ತಿರುಗಿಸಿ ಕೆಲಸ ಸಾಗಿಸಿದವು. ಅಗ್ಗ, ಆದರೆ ಹತ್ತಿರದ ಫೋಟೊ ಅಷ್ಟಕ್ಕಷ್ಟೇ. ಸ್ಟುಡಿಯೊಗಳ ಪ್ರೀತಿಯ ಯಾಶಿಕಾದಂಥ ಎರಡು ಕಣ್ಣಿನ ಕ್ಯಾಮೆರಾಗಳಲ್ಲಿ ಪಕ್ಕದ ಗುಂಡಿ ತಿರುಗಿಸಿದರೆ ಮುಂದಿನ ಹಲಗೆಯೇ ಎರಡೂ ಲೆನ್ಸುಗಳನ್ನು ಹೊತ್ತು ಮುಂದೆ ಬರುತ್ತಿತ್ತು.

ಈಗ ಮಾವನ ಲೆನ್ಸಿಗೆ ಬರುತ್ತೇನೆ. ಒಳಗೆ ಮೂರು ಕೊಳವೆಗಳಿದ್ದವು. ಹೊರಗಿನದು ತಿರುಗುತ್ತದೆ, ಒಳಗಿನದು ತಿರುಗದೆ ನೇರ ಮುಂದೆ ಬರುತ್ತದೆ. ತಿರುಗದಂತೆ ತಡೆಯುವುದು ಕಿರುಬೆರಳಿನ ಉಗುರಿನಷ್ಟಿರುವ ಒಂದು ಹಿತ್ತಾಳೆ ಚೂರು. ನಟ್ಟು ಬೋಲ್ಟಿನಲ್ಲಿ ಒಂದೇ ಎಳೆ ಸುತ್ತಿಕೊಂಡು ಹೋಗುತ್ತದೆ. ಇಲ್ಲಿ ಹಾಗಲ್ಲ, ಹಲವು ಎಳೆಗಳು ಒಟ್ಟಿಗೆ ಶುರುವಾಗುತ್ತವೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಕಾಲು ಸುತ್ತಿಗೇ ಬಿಚ್ಚಿಕೊಳ್ಳುತ್ತಲ್ವಾ, ಅದೇ ಉಪಾಯ. ಅದಕ್ಕೇ ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಲೆನ್ಸ್ ಬೇಕಾದಷ್ಟು ಮುಂದೆ ಬರುತ್ತದೆ.

ತೊಂದರೆ ಏನಂದರೆ, ಮತ್ತೆ ಜೋಡಿಸುವಾಗ ಯಾವ ಎಳೆಗೆ ಬೇಕಾದರೂ ಕಚ್ಚಿಕೊಳ್ಳುತ್ತದೆ. ಸರಿಯಾದದ್ದು ಒಂದೇ. ಹಾಗಾಗಿ ಬಿಚ್ಚುವಾಗ ಕೊಳವೆಗಳು ಎಲ್ಲಿ ಕಳಚಿಕೊಂಡವೋ ಅಲ್ಲೇ ಗೆರೆ ಎಳೆದುಕೊಳ್ಳಬೇಕು. ನಾನು ಒಂದು ಕಡೆ ಗೆರೆ ಹಾಕಿದೆ, ಇನ್ನೊಂದು ಕಡೆ ಮರೆತೆ. ಎರಡನೇ ಭಾನುವಾರ ಪೂರ್ತಿ ಒಂದೊಂದೇ ಎಳೆಗೆ ಕೂರಿಸಿ ನೋಡುವುದರಲ್ಲೇ ಹೋಯಿತು. ಕ್ಯಾಮೆರಾದ ಬೆನ್ನು ತೆಗೆದು, ಫಿಲ್ಮ್ ಇರುವ ಜಾಗಕ್ಕೆ ಬಟರ್ ಪೇಪರ್ ಅಂಟಿಸಿ, ಗುಡ್ಡದ ಮೇಲಿನ ಮೊಬೈಲ್ ಟವರನ್ನು ನೋಡುತ್ತಿದ್ದೆ. ಆರನೇ ಸಲ ಟವರಿನ ಕಂಬಿಗಳು ತಲೆಕೆಳಗಾಗಿ, ಚೂಪಾಗಿ ಕಾಗದದ ಮೇಲೆ ಮೂಡಿದವು. ಹೊಸ ಗ್ರೀಸ್ ಸವರಿದ ಮೇಲೆ ರಿಂಗ್ ತಿರುಗಿಸಿದ ಆ ಅನುಭವ ಇದೆಯಲ್ಲ, ಗಟ್ಟಿ ಮೊಸರಿನಲ್ಲಿ ಚಮಚ ಆಡಿಸಿದ ಹಾಗೆ. ಬಿಟ್ಟಲ್ಲೇ ನಿಲ್ಲುತ್ತದೆ.

ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುವ ಆಟೊಫೋಕಸ್ ಬಂದ ಮೇಲೆ ಗ್ರೀಸಿನ ಈ ಹದ ಅಡ್ಡಿಯಾಯಿತು. 1977ರಲ್ಲಿ ಅಂಥ ಕ್ಯಾಮೆರಾ ಕೋನಿಕಾ ಸಿ35 ಎಎಫ್ ಬಂತು. 1985ರ ಮಿನೋಲ್ಟಾ 7000ರಲ್ಲಿ ಮೋಟಾರು ಕ್ಯಾಮೆರಾದೊಳಗಿತ್ತು. ಸ್ಕ್ರೂಡ್ರೈವರ್ ತುದಿಯಂಥ ಒಂದು ಕಡ್ಡಿ ಲೆನ್ಸಿನೊಳಗೆ ಹೊಕ್ಕು ತಿರುಗಿಸುತ್ತಿತ್ತು. 1987ರಲ್ಲಿ ಕ್ಯಾನನ್ ತನ್ನ ಇಒಎಸ್ ಸರಣಿಯಲ್ಲಿ ಮೋಟಾರನ್ನು ಲೆನ್ಸಿನೊಳಗೇ ಇಟ್ಟಿತು. ಪುಟ್ಟ ಮೋಟಾರಿಗೆ ಗಟ್ಟಿ ಗ್ರೀಸ್ ಆಗದು. ಭಾರದ ಗಾಜನ್ನು ದೂರ ಸರಿಸುವುದೂ ಆಗದು. ಹಾಗಾಗಿ ರಿಂಗ್ ಸಡಿಲವಾಯಿತು, ತಿರುಗುವ ದೂರ ಕಮ್ಮಿಯಾಯಿತು, ಎಷ್ಟೋ ಲೆನ್ಸುಗಳಲ್ಲಿ ಒಳಗಿನ ಒಂದೆರಡು ಹಗುರ ಗಾಜುಗಳಷ್ಟೇ ಓಡಾಡತೊಡಗಿದವು. ಮುಂದೆ ರಿಂಗಿಗೂ ಗಾಜಿಗೂ ಇದ್ದ ನಂಟೇ ಕಡಿದುಹೋಯಿತು. 1989ರ ಕ್ಯಾನನ್ 85 ಎಂ.ಎಂ. ಎಫ್/1.2ರಲ್ಲಿ ರಿಂಗ್ ತಿರುಗಿಸಿದರೆ ಅದು ಮೋಟಾರಿಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಕರೆಂಟ್ ಇಲ್ಲದಿದ್ದರೆ ಗಾಜು ಅಲುಗುವುದಿಲ್ಲ. ಇವತ್ತಿನ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳ ಲೆನ್ಸುಗಳಲ್ಲಿ ಬಹುಪಾಲು ಹೀಗೇ. ಇನ್ನೊಂದು ಕಿರಿಕಿರಿ, ಅವುಗಳಲ್ಲಿ ಹಲವು ಬೇಗ ತಿರುಗಿಸಿದರೆ ಜಾಸ್ತಿ, ನಿಧಾನ ತಿರುಗಿಸಿದರೆ ಕಮ್ಮಿ ಸರಿಯುತ್ತವೆ. ವಿಡಿಯೊ ಮಾಡುವವರಿಗೆ ಇದು ನಿಜವಾದ ಸಂಕಟ. ಒಮ್ಮೆ ಗುರುತು ಹಾಕಿಕೊಂಡ ಜಾಗಕ್ಕೆ ಕೈ ಮತ್ತೆ ಹೋಗಿ ಮುಟ್ಟುವುದಿಲ್ಲ.

ವೇಗದಲ್ಲಿ ಮೋಟಾರನ್ನು ಯಾರೂ ಮೀರಿಸಲಾರರು. ಹಾರುವ ಹಕ್ಕಿಗೆ ನನಗೂ ಅದೇ ಬೇಕು. ಆದರೆ ಕೈಯಿಂದ ಫೋಕಸ್ ಮಾಡುವವರಿಗೆ ಥ್ರೆಡ್ಡಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ ಅಂತಲೇ ನಾನು ನಂಬಿದ್ದೇನೆ.

ಫೋನಿನಲ್ಲಿ ಥ್ರೆಡ್ಡಿಗೆ ಜಾಗವೇ ಇಲ್ಲ. ಅಲ್ಲಿ ಸ್ಪೀಕರಿನ ಉಪಾಯ. ಲೆನ್ಸಿನ ಸುತ್ತ ತಾಮ್ರದ ಸುರುಳಿ, ಪಕ್ಕದಲ್ಲಿ ಅಯಸ್ಕಾಂತ, ಹಿಡಿದುಕೊಳ್ಳಲು ಎಲೆಯಷ್ಟು ತೆಳ್ಳಗಿನ ಸ್ಪ್ರಿಂಗ್. ಕರೆಂಟ್ ಹರಿದಷ್ಟು ಲೆನ್ಸ್ ಏಳುತ್ತದೆ. ಎಲ್ಲಿ ನಿಂತಿದೆ ಅಂತ ಅಳೆಯುವ ಸೆನ್ಸರ್ ಹಲವು ಫೋನುಗಳಲ್ಲಿದೆ. ಕೆಲವು ಫೋನುಗಳನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಅದು ಹಿಡಿತವಿಲ್ಲದೆ ತೂಗಾಡುವ ಲೆನ್ಸ್.

ಹಾಗೆ ತೂಗಾಡುವುದಕ್ಕೆ ಬೈಕಿನ ನಡುಕ ಒಳ್ಳೆಯದಲ್ಲ. ಐಫೋನನ್ನು ಜೋರು ಎಂಜಿನ್ನಿನ ಬೈಕ್ ಹ್ಯಾಂಡಲ್ಲಿಗೆ ನೇರವಾಗಿ ಸಿಕ್ಕಿಸಬೇಡಿ, ಕ್ಯಾಮೆರಾದ ಫೋಕಸ್ ಮತ್ತು ಸ್ಥಿರಗೊಳಿಸುವ ಭಾಗ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಹೇಳಿತು. ನಮ್ಮ ಅಕ್ಕನ ಮಗ ಬೇರೆ ಕಂಪನಿಯ ಫೋನನ್ನು ಹಾಗೇ ಸಿಕ್ಕಿಸಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬಂದ. ಆಮೇಲೆ ತೆಗೆದ ಫೋಟೊಗಳೆಲ್ಲ ಒಂದು ಮೂಲೆ ಮಸುಕು. ರಿಪೇರಿ ಅಂಗಡಿಯಲ್ಲಿ ಇಡೀ ಕ್ಯಾಮೆರಾ ಮಾಡ್ಯೂಲ್ ಬದಲಿಸಿ, ಹಳೆಯದನ್ನು ಕವರಿನಲ್ಲಿ ಹಾಕಿ ಕೊಟ್ಟರು. ಅದು ನನ್ನ ಮೇಜಿನ ಮೇಲಿದೆ, ಮಾವನ ಲೆನ್ಸಿನ ಪಕ್ಕ. ಶರ್ಟಿನ ಗುಂಡಿಯಷ್ಟು ಗಾತ್ರ. ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದೆ. ಒಂದೇ ಒಂದು ಸ್ಕ್ರೂ ಕೂಡ ಇಲ್ಲ, ಎಲ್ಲ ಅಂಟು.